ಖಾರದ ಪುಡಿಯಿಂದ ಸಾವೆ ಅಕ್ಕಿಯವರೆಗೆ: ಸರ್ಕಾರದ ನೆರವಿನಲ್ಲಿ ನಮ್ಮ ಬೆಳೆಯನ್ನು ನಾವೇ ಮಾರುವ ದಾರಿ

ಹಾವೇರಿ ಜಿಲ್ಲೆಯ ನಮ್ಮ ಊರಿನಲ್ಲಿ ಎಂಟು ಮನೆಯವರು ಸೇರಿ ಖಾರ ಕುಟ್ಟುವ ಯಂತ್ರ ತಂದೆವು. ಕೈಗಡ ಮಾಡಿ, ಒಬ್ಬರು ಮನೆಯ ಬಂಗಾರ ಒತ್ತೆಯಿಟ್ಟು, ಮೊದಲು ಯಂತ್ರ ಕೊಂಡೆವು. ಸಹಾಯಧನ ಕೇಳಲು ಹೋದದ್ದು ಆಮೇಲೆ. ಸಹಾಯಧನ ಬ್ಯಾಂಕಿನ ಸಾಲಕ್ಕೆ ಜೋಡಿಸಿದ್ದು, ಸಾಲವಿಲ್ಲದೆ ಕೊಂಡ ಯಂತ್ರಕ್ಕೆ ಬರುವುದಿಲ್ಲ ಎಂಬುದು ಆಗ ತಿಳಿಯಿತು. ಯೋಜನೆಯೂ ಇತ್ತು, ಹಣವೂ ಇತ್ತು, ನಾವು ಅರ್ಹರೂ ಆಗಿದ್ದೆವು. ಹೆಜ್ಜೆ ಮಾತ್ರ ಹಿಂದುಮುಂದಾಗಿತ್ತು. ಆ ಸಾಲ ತೀರಿಸಲು ನಮಗೆ ಎರಡು ಸುಗ್ಗಿ ಬೇಕಾಯಿತು. ಹಾವೇರಿ, ಗದಗ, ಧಾರವಾಡ ಸೀಮೆಯ ರೈತರು ಯಾರೂ ಈ ಪಾಡು ಪಡಬಾರದೆಂದು, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಒಂದು ಪದಾರ್ಥ, ಹತ್ತು ಮನೆಯ ಗಿರಾಕಿ

ಖಾರ, ಶ್ಯಾವಿಗೆ, ಹಪ್ಪಳ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ನವಣೆ ಅಕ್ಕಿ ಎಲ್ಲವನ್ನೂ ಒಟ್ಟಿಗೆ ಶುರುಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ನಿಮ್ಮ ಹೊಲದಲ್ಲಿ ಬೆಳೆಯುವ, ನಿಮ್ಮ ಮನೆಯ ಹೆಣ್ಣುಮಕ್ಕಳ ಕೈಗೆ ಒಗ್ಗಿದ ಒಂದೇ ಪದಾರ್ಥವನ್ನು ಆರಿಸಿಕೊಳ್ಳಿ. ಯಂತ್ರ ಕೊಳ್ಳುವ ಮೊದಲು ಒಂದು ಹಂಗಾಮು ಊರಿನ ಗಿರಣಿಯಲ್ಲೇ ಕೂಲಿಗೆ ಕುಟ್ಟಿಸಿ, ಹತ್ತು ಹದಿನೈದು ಮನೆಗಳಿಗೆ ಮಾರಿ ನೋಡಿ. ಅದೇ ಮನೆಯವರು ಎರಡನೆಯ ಸಲ ಕೇಳಿಕೊಂಡು ಬಂದರೆ ಮುಂದಿನ ಹೆಜ್ಜೆಗೆ ಹೋಗಬಹುದು.

ಇದೇ ಹಂಗಾಮಿನಲ್ಲಿ ತೂಕದ ಲೆಕ್ಕ ಬರೆದಿಡಿ. ನಾವು ನೂರು ಕಿಲೋ ಒಣಮೆಣಸಿನಕಾಯಿ ತಂದು ತೊಟ್ಟು ಬಿಡಿಸಿ, ಬಿಳಿಗಾಯಿ ಆರಿಸಿ ತೆಗೆದು, ಮತ್ತೆ ಬಿಸಿಲಿಗೆ ಹಾಕಿ ಕುಟ್ಟಿಸಿದಾಗ ಕೈಗೆ ಬಂದ ಪುಡಿ 84 ಕಿಲೋ. ಕಾಯಿಯ ದರ ಕಿಲೋಗೆ 300 ರೂಪಾಯಿ ಎಂದಿಟ್ಟುಕೊಂಡರೆ ಪುಡಿಯ ಮೂಲ ಖರ್ಚೇ ಕಿಲೋಗೆ 357 ರೂಪಾಯಿ ಆಯಿತು. ಇದರ ಮೇಲೆ ತೊಟ್ಟು ಬಿಡಿಸಿದ ಕೂಲಿ, ಗಿರಣಿ, ಚೀಲ, ಸಾಗಾಟ. ಈ ಲೆಕ್ಕ ಗೊತ್ತಿಲ್ಲದೆ ಕಾಯಿಯ ದರಕ್ಕೆ ಐವತ್ತು ರೂಪಾಯಿ ಸೇರಿಸಿ ಮಾರಿದವರು ದುಡಿದೂ ಕಳೆದುಕೊಂಡಿದ್ದಾರೆ. ಬ್ಯಾಂಕಿನವರು ಮುಂದೆ ಕೇಳುವ ಯೋಜನಾ ವರದಿಗೆ ಬೇಕಾದದ್ದೂ ಇವೇ ಅಂಕಿಗಳು.

ಎರಡನೆಯ ಹೆಜ್ಜೆ: ಕಾಗದಪತ್ರ

ಇದರಲ್ಲಿ ಕಷ್ಟದ್ದೇನೂ ಇಲ್ಲ, ಓಡಾಟ ಮಾತ್ರ. ರೈತರಿಗೆ ಫ್ರೂಟ್ಸ್, ಅಂದರೆ ಸರ್ಕಾರದ ರೈತ ನೋಂದಣಿ ತಂತ್ರಾಂಶದ ಗುರುತಿನ ಸಂಖ್ಯೆ ಬೇಕು. ಇಲ್ಲದಿದ್ದರೆ ಆಧಾರ್, ಉತಾರ, ಬ್ಯಾಂಕ್ ಪಾಸ್‌ಪುಸ್ತಕ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮಾಡಿಸಿಕೊಳ್ಳಿ. ಮನೆ ಅಥವಾ ಶೆಡ್ಡು ಗ್ರಾಮಠಾಣೆಯಲ್ಲಿದ್ದರೆ ಪಂಚಾಯಿತಿಯಿಂದ ಇ-ಸ್ವತ್ತು ನಮೂನೆ ತೆಗೆಸಿ. ಬಾಡಿಗೆ ಜಾಗವಾದರೆ ಕರಾರುಪತ್ರ ಇರಲಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆಧಾರ್ ಆಧಾರಿತ ಮತ್ತು ಪೂರ್ತಿ ಉಚಿತ. ಅದಕ್ಕಾಗಿ ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ.

ಆಹಾರ ಪದಾರ್ಥಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ. 2011ರ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿನ ಸಣ್ಣವರಿಗೆ ಪರವಾನಗಿಯ ಬದಲು ಸರಳ ನೋಂದಣಿಯ ದಾರಿ ಮಾಡಿಕೊಟ್ಟವು. ಶುಲ್ಕ ವರ್ಷಕ್ಕೆ 100 ರೂಪಾಯಿ ಎಂದು ಇಟ್ಟವು. ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಅರ್ಜಿ ಹಾಕಿದರೆ 14 ಅಂಕಿಯ ಸಂಖ್ಯೆ ಸಿಗುತ್ತದೆ. ಪೊಟ್ಟಣದ ಮೇಲೆ ಅಚ್ಚಾಗಬೇಕಾದದ್ದು ಇದೇ ಸಂಖ್ಯೆ.

ವಿದ್ಯುತ್ತಿನ ಬಗ್ಗೆ ಒಂದು ಎಚ್ಚರಿಕೆಯ ಮಾತು. ಹೊಲದ ಪಂಪ್‌ಸೆಟ್ಟಿನ ಸಂಪರ್ಕದಿಂದ ಗಿರಣಿ ಓಡಿಸುವಂತಿಲ್ಲ. ಹೆಸ್ಕಾಂನಲ್ಲಿ ಸಣ್ಣ ಕೈಗಾರಿಕೆಗೆಂದೇ ಬೇರೆ ಸಂಪರ್ಕ ಕೇಳಬೇಕು. ಯಂತ್ರದ ಮೋಟಾರು ಎಷ್ಟು ಎಚ್‌ಪಿ ಎಂದು ನಿಗದಿಯಾದ ಕೂಡಲೇ ಈ ಅರ್ಜಿ ಹಾಕಿ. ಯಂತ್ರ ಬಂದು ನಿಂತಿದ್ದರೂ ಕರೆಂಟಿಗಾಗಿ ಕಾಯುವ ಗತಿ ಬರಬಾರದು.

ಮೂರನೆಯ ಹೆಜ್ಜೆ: 'ಸಾವಯವ' ಎಂಬ ಮಾತಿಗೆ ಆಧಾರ

ಗೊಬ್ಬರದ ಚೀಲ ಮುಟ್ಟದೆ ಬೆಳೆದರೆ ಸಾವಯವ ಎಂದು ನಮ್ಮಲ್ಲಿ ಹೇಳುತ್ತೇವೆ. ಆದರೆ ಆ ಶಬ್ದವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿ ಅಂಗಡಿಗೆ ಕೊಡಬೇಕಾದರೆ ಪ್ರಮಾಣಪತ್ರ ಬೇಕು. 2017ರ ಸಾವಯವ ಆಹಾರ ನಿಯಮಗಳು ಎರಡು ದಾರಿಗಳನ್ನು ಒಪ್ಪುತ್ತವೆ. ಒಂದು, ಎನ್‌ಪಿಒಪಿ. ಅಂದರೆ ಮಾನ್ಯತೆ ಪಡೆದ ಸಂಸ್ಥೆಯೊಂದು ಬಂದು ತಪಾಸಣೆ ಮಾಡಿ ಕೊಡುವ ಪ್ರಮಾಣಪತ್ರ. ನಮ್ಮ ರಾಜ್ಯದಲ್ಲಿ ಸರ್ಕಾರದ್ದೇ ಆದ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆ ಈ ಕೆಲಸ ಮಾಡುತ್ತದೆ. ಹೊರದೇಶಕ್ಕೆ ಕಳಿಸುವವರಿಗೆ ಇದು ಬೇಕೇ ಬೇಕು. ಇನ್ನೊಂದು, ಪಿಜಿಎಸ್-ಇಂಡಿಯಾ. ಇಲ್ಲಿ ಅಕ್ಕಪಕ್ಕದ ಕನಿಷ್ಠ ಐದು ರೈತರು ಗುಂಪು ಕಟ್ಟಿ, ಪ್ರತಿಜ್ಞೆ ಬರೆದುಕೊಟ್ಟು, ಒಬ್ಬರ ಹೊಲವನ್ನು ಇನ್ನೊಬ್ಬರು ಹೋಗಿ ಪರಿಶೀಲಿಸುತ್ತಾರೆ. ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಮಾರುವವರಿಗೆ ಪಿಜಿಎಸ್ ಸಾಕು ಎಂಬುದು ನನ್ನ ಅಭಿಪ್ರಾಯ. ಖರ್ಚು ಬಹಳ ಕಡಿಮೆ. ಜೊತೆಗೆ, ನೆರೆಯವನು ಬದುವಿನ ಮೇಲೆ ನಿಂತು ನೋಡುವಾಗ ಮುಚ್ಚಿಡಲು ಏನೂ ಉಳಿಯುವುದಿಲ್ಲ. ರಾಸಾಯನಿಕ ಬಿಟ್ಟು ಸಾವಯವಕ್ಕೆ ಹೊರಳುವ ಪರಿವರ್ತನೆಯ ಅವಧಿಯಲ್ಲಿ 'ಪಿಜಿಎಸ್-ಗ್ರೀನ್', ಅವಧಿ ಮುಗಿದ ಮೇಲೆ 'ಪಿಜಿಎಸ್-ಆರ್ಗ್ಯಾನಿಕ್' ಎಂಬ ಗುರುತು ಸಿಗುತ್ತದೆ.

ತಾನು ಬೆಳೆದದ್ದನ್ನು ತಾನೇ ನೇರವಾಗಿ ಗಿರಾಕಿಗೆ ಮಾರುವ ಸಣ್ಣ ರೈತನಿಗೆ ಈ ನಿಯಮಗಳಲ್ಲಿ ವಿನಾಯಿತಿ ಇದೆ. ಆದರೆ ಸಾವಯವ ಆಹಾರಕ್ಕೆಂದು ಇರುವ ಸರ್ಕಾರದ 'ಜೈವಿಕ್ ಭಾರತ್' ಚಿಹ್ನೆಯನ್ನು ಅಂಥವರು ಹಾಕಿಕೊಳ್ಳುವಂತಿಲ್ಲ.

ಯಾವ ಬೆಳೆಯಿಂದ ಸಾವಯವ ಆರಂಭಿಸಬೇಕು? ಇಲ್ಲಿ ನಾನು ಮನಬಿಚ್ಚಿ ಹೇಳಬೇಕು. ಮೆಣಸಿನಕಾಯಿಯಿಂದ ಬೇಡ. ಥ್ರಿಪ್ಸ್ ನುಸಿ, ಎಲೆ ಮುಟುರು, ಕಾಯಿ ಕೊಳೆ ಎಂದು ಸಿಂಪರಣೆಯ ಒತ್ತಡ ನಮ್ಮ ಭಾಗದಲ್ಲಿ ಅತಿ ಹೆಚ್ಚಿರುವ ಬೆಳೆ ಅದು. ನೀವು ಹೊಡೆಯದಿದ್ದರೂ ಪಕ್ಕದ ಹೊಲದ ಸಿಂಪರಣೆ ಗಾಳಿಯಲ್ಲಿ ತೇಲಿ ಬರುತ್ತದೆ. ಸಾವೆ, ನವಣೆ, ಊದಲುಗಳ ಕಥೆ ಬೇರೆ. ಮಸಾರಿ ಭೂಮಿಯಲ್ಲಿ ಮಳೆಯಾಶ್ರಯದಲ್ಲಿ ಬೆಳೆಯುವ ಈ ಸಿರಿಧಾನ್ಯಗಳಿಗೆ ಹೆಚ್ಚಿನವರು ಔಷಧಿಯನ್ನೇ ಹೊಡೆಯುವುದಿಲ್ಲ. ಮೊದಲ ಮೂರು ವರ್ಷ ಸಾವೆ, ನವಣೆಯಲ್ಲಿ ಪ್ರಮಾಣಪತ್ರ ಗಟ್ಟಿ ಮಾಡಿಕೊಳ್ಳಿ. ಮೆಣಸಿನಕಾಯಿಯನ್ನು ಅರ್ಧ ಎಕರೆಯಲ್ಲಿ, ಸುತ್ತ ಎರಡು ಮೂರು ಸಾಲು ಗೋವಿನಜೋಳ ಅಥವಾ ಜೋಳದ ಬೇಲಿ ಕಟ್ಟಿ, ಕಲಿಕೆಗೆಂದು ಬೆಳೆಯಿರಿ. ಅಲ್ಲಿಯವರೆಗೆ ಖಾರದ ಪೊಟ್ಟಣದ ಮೇಲೆ ಸಾವಯವ ಎಂದು ಬರೆಯಬೇಡಿ. 'ನಮ್ಮ ಹೊಲದ ಬ್ಯಾಡಗಿ ಕಾಯಿ, ಬಣ್ಣ ಬೆರೆಸಿಲ್ಲ' ಎಂಬ ನಿಜವಾದ ಮಾತಿಗೂ ಮಾರುಕಟ್ಟೆಯಲ್ಲಿ ಬೆಲೆಯಿದೆ.

ಬರೆದಿಡುವ ಪುಸ್ತಕ ಮರೆಯಬೇಡಿ. ಬೀಜ ಎಲ್ಲಿಂದ ಬಂತು, ತಿಪ್ಪೆಗೊಬ್ಬರ ಯಾವ ದಿನ ಹಾಕಿದ್ದು, ಜೀವಾಮೃತ ಎಷ್ಟು ಸಲ ಕೊಟ್ಟದ್ದು, ರಾಶಿ ಎಷ್ಟಾಯಿತು ಎಂಬುದನ್ನೆಲ್ಲ ತಾರೀಖು ಹಾಕಿ ಬರೆಯಿರಿ. ತಪಾಸಣೆಗೆ ಬಂದವರು ಹೊಲಕ್ಕಿಂತ ಮೊದಲು ನೋಡುವುದು ಈ ಪುಸ್ತಕವನ್ನು.

ಸಾವಯವಕ್ಕೆ ನೇರ ನೆರವು ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ ಇದೆ. 2015-16ರಲ್ಲಿ ಶುರುವಾದ ಈ ಯೋಜನೆ ಗುಂಪು ಆಧಾರಿತ. ಪರಿಷ್ಕೃತ ರೂಪದಲ್ಲಿ ಹೆಕ್ಟೇರಿಗೆ ಮೂರು ವರ್ಷಕ್ಕೆ 31,500 ರೂಪಾಯಿ. ಅದರಲ್ಲಿ 15,000 ರೂಪಾಯಿ ಗೊಬ್ಬರ ಮತ್ತಿತರ ಪರಿಕರಗಳಿಗೆಂದು ರೈತರ ಖಾತೆಗೇ ಬರುತ್ತದೆ. ಉಳಿದದ್ದು ತರಬೇತಿ, ಪ್ರಮಾಣೀಕರಣ, ಪ್ಯಾಕಿಂಗ್, ಮಾರಾಟಕ್ಕೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್ ಇನ್ನೊಂದು ಬಾಗಿಲು. ಎರಡಕ್ಕೂ ಒಬ್ಬಂಟಿಯಾಗಿ ಹೋಗಿ ಫಲವಿಲ್ಲ. ನಿಮ್ಮ ಹೋಬಳಿಯಲ್ಲಿ ಗುಂಪು ಆಯ್ಕೆಯಾಗಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಆಗಿಲ್ಲದಿದ್ದರೆ ಹತ್ತು ಹದಿನೈದು ರೈತರ ಸಹಿಯೊಂದಿಗೆ ಲಿಖಿತ ಬೇಡಿಕೆ ಕೊಡಿ.

ನಾಲ್ಕನೆಯ ಹೆಜ್ಜೆ: ಸಾಲ, ಸಹಾಯಧನ

ಸಂಸ್ಕರಣೆಗೆ ಮುಖ್ಯ ಆಸರೆ ಪಿಎಂಎಫ್‌ಎಂಇ, ಅಂದರೆ ಪ್ರಧಾನ ಮಂತ್ರಿಗಳ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆ. 2020ರ ಜೂನ್‌ನಲ್ಲಿ ಆರಂಭವಾಯಿತು, ಅವಧಿಯನ್ನು 2025-26ರವರೆಗೆ ವಿಸ್ತರಿಸಲಾಯಿತು. ಆದ್ದರಿಂದ ಈಗ ಅರ್ಜಿ ತೆರೆದಿದೆಯೇ ಎಂದು ಮೊದಲು ಕೇಳಿಕೊಳ್ಳಿ. ಯೋಜನೆಯ ಮೂಲ ಸಹಾಯಧನ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಅದರ ಮೇಲೆ ಹೆಚ್ಚುವರಿ ಶೇ. 15 ಸೇರಿಸಿದ್ದರಿಂದ ನಮ್ಮ ರಾಜ್ಯದಲ್ಲಿ ಅದು ಶೇ. 50, ಗರಿಷ್ಠ 15 ಲಕ್ಷ ರೂಪಾಯಿ ಆಗುತ್ತದೆ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ.

ಇದೇ ಯೋಜನೆಯ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಗದಗಕ್ಕೆ ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಮತ್ತು ಹಾವೇರಿಗೆ ಮಾವು ಇದೆ. ಬ್ಯಾಡಗಿ ಪೇಟೆಯೇ ಇರುವ ಹಾವೇರಿಯವರು ಇದನ್ನು ನೋಡಿ ಎದೆಗುಂದಬೇಕಿಲ್ಲ. ಪಟ್ಟಿಯಲ್ಲಿಲ್ಲದ ಪದಾರ್ಥದ ಘಟಕಗಳಿಗೂ ಅರ್ಜಿ ಹಾಕಬಹುದು.

ಅರ್ಜಿ ಸಾಗುವ ಬಗೆ ಹೀಗೆ. ಜಿಲ್ಲೆಗೆ ನೇಮಕವಾದ ಸಂಪನ್ಮೂಲ ವ್ಯಕ್ತಿಗಳಿರುತ್ತಾರೆ. ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿದರೆ ಅವರ ಹೆಸರು, ದೂರವಾಣಿ ಸಿಗುತ್ತದೆ. ಯೋಜನಾ ವರದಿ ಬರೆಯುವುದು, ಜಾಲತಾಣದಲ್ಲಿ ಅರ್ಜಿ ತುಂಬುವುದು, ಬ್ಯಾಂಕಿಗೆ ಜೊತೆಗೆ ಬರುವುದು ಅವರ ಕೆಲಸ. ಅದಕ್ಕೆ ಯೋಜನೆಯೇ ಅವರಿಗೆ ಹಣ ಕೊಡುತ್ತದೆ, ನೀವು ಕೊಡಬೇಕಿಲ್ಲ. ಯಂತ್ರ ಮಾರುವವರಿಂದ ದರಪಟ್ಟಿ ಮಾತ್ರ ತನ್ನಿ, ಮುಂಗಡ ಕೊಡಬೇಡಿ. ಜಿಲ್ಲಾ ಸಮಿತಿಯ ಶಿಫಾರಸಿನ ನಂತರ ಬ್ಯಾಂಕು ಸಾಲ ಮಂಜೂರು ಮಾಡಬೇಕು. ಮಂಜೂರಾತಿ ಪತ್ರ ಕೈಗೆ ಬಂದ ಮೇಲೆ, ಬ್ಯಾಂಕಿನ ಮೂಲಕವೇ ಯಂತ್ರಕ್ಕೆ ಹಣ ಹೋಗಬೇಕು.

ಲೆಕ್ಕ ಹಾಕಿ ನೋಡೋಣ. ಖಾರದ ಘಟಕಕ್ಕೆ ಅರ್ಹ ವೆಚ್ಚ 8 ಲಕ್ಷ ಎಂದುಕೊಳ್ಳಿ. ನಿಮ್ಮ ಪಾಲು ಕನಿಷ್ಠ ಶೇ. 10, ಅಂದರೆ 80,000 ರೂಪಾಯಿ. ಸಾಲ 7 ಲಕ್ಷ 20 ಸಾವಿರ. ಸಹಾಯಧನ 4 ಲಕ್ಷ. ಈ 4 ಲಕ್ಷ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಪ್ರತ್ಯೇಕ ಖಾತೆಯಲ್ಲಿ ಕೂತಿರುತ್ತದೆ. ಮೂರು ವರ್ಷ ಕಂತು ತಪ್ಪಿಸದೆ ಕಟ್ಟಿ, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಮದುವೆಗೋ ಮನೆಗೋ ಆದೀತೆಂದು ಸಹಾಯಧನವನ್ನು ಎಣಿಸಿಕೊಂಡವರು ಇಲ್ಲಿಯೇ ಎಡವಿದ್ದಾರೆ. ಜಾಗದ ಬೆಲೆ ಈ ವೆಚ್ಚದಲ್ಲಿ ಸೇರುವುದಿಲ್ಲ. ಕಟ್ಟಡದ ಕೆಲಸ ಶೇ. 30 ಮೀರುವಂತಿಲ್ಲ. ಕಾಯಿ ಕೊಳ್ಳುವ ದುಡಿಯುವ ಬಂಡವಾಳಕ್ಕೂ ಸಹಾಯಧನವಿಲ್ಲ. ಮೆಣಸಿನಕಾಯಿ ವ್ಯವಹಾರದಲ್ಲಿ ಯಂತ್ರಕ್ಕಿಂತ ಹೆಚ್ಚು ಹಣ ಹಿಡಿಯುವುದು ಈ ಬಂಡವಾಳವೇ. ಸುಗ್ಗಿಯ ಎರಡು ತಿಂಗಳಲ್ಲಿ ವರ್ಷದ ಕಾಯಿ ಹಿಡಿಯಬೇಕಲ್ಲ! ಆದ್ದರಿಂದ ಯಂತ್ರಕ್ಕೆಂದು ಪಡೆಯುವ ಅವಧಿ ಸಾಲದ ಜೊತೆಗೇ ದುಡಿಯುವ ಬಂಡವಾಳದ ಸಾಲವನ್ನೂ ಕೇಳಿ ಮಂಜೂರು ಮಾಡಿಸಿಕೊಳ್ಳಿ.

ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಿಗೆ ಇದೇ ಯೋಜನೆಯಲ್ಲಿ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ, ಅಂದರೆ ಕೆಲಸ ಆರಂಭಿಸುವ ಬಂಡವಾಳವಿದೆ. ಸಂಘಕ್ಕೆ ಹತ್ತು ಸದಸ್ಯರ ಮಿತಿ. ದುಡಿಯುವ ಬಂಡವಾಳಕ್ಕೂ ಸಣ್ಣ ಸಲಕರಣೆಗಳಿಗೂ ಇದನ್ನು ಬಳಸಬಹುದು. ಸ್ವಸಹಾಯ ಸಂಘಗಳನ್ನು ನೋಡಿಕೊಳ್ಳುವ ರಾಜ್ಯದ ಸಂಜೀವಿನಿಯ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಮೂಲಕ ಅರ್ಜಿ ಹೋಗುತ್ತದೆ. ಹೊಸದಾಗಿ ಆರಂಭಿಸುವ ಅಕ್ಕತಂಗಿಯರಿಗೆ ನಾನು ಮೊದಲು ತೋರಿಸುವ ದಾರಿ ಇದೇ. ಹೊರೆ ಚಿಕ್ಕದು, ಕಲಿಕೆ ದೊಡ್ಡದು. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯದ ಬೀಜ ಉಳಿಸಿ, ಅದನ್ನು ಸಂಸ್ಕರಿಸಿ ಮಾರುವ ಕೆಲಸದಿಂದ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದರು. ಹುಬ್ಬಳ್ಳಿಗೆ ಹತ್ತಿರದ ಊರು ಅದು.

ಗೋದಾಮು, ಒಣಗಿಸುವ ಅಂಗಳ, ವಿಂಗಡಣೆ ಘಟಕ ಕಟ್ಟುವವರು ಕೃಷಿ ಮೂಲಸೌಕರ್ಯ ನಿಧಿಯನ್ನೂ ಕೇಳಿ. 2 ಕೋಟಿವರೆಗಿನ ಸಾಲಕ್ಕೆ ಏಳು ವರ್ಷ ಶೇ. 3 ಬಡ್ಡಿ ರಿಯಾಯಿತಿ ಅದರಲ್ಲಿದೆ, ಇದೂ ಈಗ ತೆರೆದಿದೆಯೇ ಎಂದು ಮೊದಲು ಕೇಳಿಕೊಳ್ಳಿ.

ಐದನೆಯ ಹೆಜ್ಜೆ: ಒಣಗಿಸುವುದು, ಕುಟ್ಟುವುದು

ನಮ್ಮ ಮೊದಲ ವರ್ಷದ ಖಾರ ಮಳೆಗಾಲಕ್ಕೆ ಗಂಟುಕಟ್ಟಿತು. ನಲವತ್ತು ಕಿಲೋ ಎಸೆದೆವು. ಕಾಯಿ ಮೇಲೆ ಒಣಗಿದಂತೆ ಕಂಡರೂ ತೊಟ್ಟಿನ ಬುಡದಲ್ಲಿ ತೇವ ಉಳಿದಿತ್ತು. ಮೆಣಸಿನ ಪುಡಿಯಲ್ಲಿ ತೇವಾಂಶ ಶೇ. 11 ಮೀರಬಾರದೆಂದು ಆಹಾರ ಸುರಕ್ಷತಾ ಮಾನದಂಡ ಹೇಳುತ್ತದೆ. ಕಾಯಿ ಮುಷ್ಟಿಯಲ್ಲಿ ಹಿಡಿದು ಅಲುಗಾಡಿಸಿದರೆ ಬೀಜ ಗಲಗಲ ಎನ್ನಬೇಕು. ಆದರೂ ಕಿವಿಯನ್ನಷ್ಟೇ ನಂಬದೆ ತೇವಾಂಶ ಅಳೆಯುವ ಸಣ್ಣ ಯಂತ್ರ ಕೊಳ್ಳಿ, ಅದನ್ನೂ ಯೋಜನಾ ವರದಿಯಲ್ಲಿ ಸೇರಿಸಿ.

ಬರಿ ನೆಲದ ಮೇಲೆ ಒಣಗಿಸಬೇಡಿ. ತಾಡಪತ್ರಿ ಹಾಸಿ, ಸಂಜೆ ರಾಶಿ ಮಾಡಿ ಮುಚ್ಚಿ, ಬೆಳಿಗ್ಗೆ ಹರವಿ. ಮಂಜಿಗೆ ನೆನೆದ ಕಾಯಿಯಲ್ಲಿ ಬೂಷ್ಟು ಬರುತ್ತದೆ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಕುಟ್ಟಿದರೂ ಹುರಿದರೂ ಹೋಗುವಂಥದ್ದಲ್ಲ. ಅಂಥ ಕಾಯಿ ಒಂದೂ ಒಳಗೆ ಸೇರಬಾರದು. ವರ್ಷವಿಡೀ ಬೇಕಾದಷ್ಟನ್ನು ಒಮ್ಮೆಗೇ ಪುಡಿ ಮಾಡಬೇಡಿ. ಬ್ಯಾಡಗಿ ಕಾಯಿಯ ಬೆಲೆ ಅದರ ಬಣ್ಣದಲ್ಲಿದೆ, ಪುಡಿಯಾದ ಮೇಲೆ ಬೆಳಕಿಗೆ ಬಣ್ಣ ಬೇಗ ಇಳಿಯುತ್ತದೆ. ಕಾಯಿಯನ್ನು ಬ್ಯಾಡಗಿಯ ಸುತ್ತಲಿನ ಶೀತಲಗೃಹದಲ್ಲಿಟ್ಟು, ಎರಡು ತಿಂಗಳಿಗೊಮ್ಮೆ ತೆಗೆದು ಕುಟ್ಟಿರಿ. ಸಾವೆ ಅಕ್ಕಿಗೂ ಇದೇ ನೀತಿ. ಸಿಪ್ಪೆಯೊಳಗಿನ ಸಾವೆ ವರ್ಷಗಟ್ಟಲೆ ಇರುತ್ತದೆ, ಸಿಪ್ಪೆ ತೆಗೆದದ್ದು ಕೆಲವೇ ತಿಂಗಳಲ್ಲಿ ಕನರುತ್ತದೆ.

ಹಾವೇರಿಯವರಿಗೆ ಹನುಮನಮಟ್ಟಿ, ಗದಗಿನವರಿಗೆ ಹುಲಕೋಟಿ, ಧಾರವಾಡದವರಿಗೆ ಸೈದಾಪುರದ ಕೃಷಿ ವಿಜ್ಞಾನ ಕೇಂದ್ರಗಳಿವೆ. ಯಂತ್ರ ಆರಿಸುವ ಮೊದಲು ಅಲ್ಲಿನ ತಜ್ಞರನ್ನು ಕಂಡು ಮಾತಾಡಿ.

ಆರನೆಯ ಹೆಜ್ಜೆ: ಚೀಟಿ

ಪೊಟ್ಟಣದ ಮೇಲೆ ಪದಾರ್ಥದ ಹೆಸರು, ಅದರಲ್ಲಿ ಏನೇನಿದೆ, ಪೋಷಕಾಂಶದ ವಿವರ, ನಿವ್ವಳ ತೂಕ, ತಯಾರಿಸಿದ ತಿಂಗಳು ವರ್ಷ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ವಿಳಾಸ, ದೂರು ಹೇಳಲು ದೂರವಾಣಿ, ಸಸ್ಯಾಹಾರದ ಹಸಿರು ಗುರುತು, ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಹತ್ತು ಸಾವಿರ ಚೀಲ ಅಚ್ಚು ಹಾಕಿಸುವ ಮುನ್ನ ಮಾದರಿಯನ್ನು ಆಹಾರ ಸುರಕ್ಷತಾ ಅಧಿಕಾರಿಗೆ ತೋರಿಸಿ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಆ ಚಿಹ್ನೆ ಬಳಸಲು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬೇಕು. ರೈತ ಉತ್ಪಾದಕ ಕಂಪನಿಯ ಮೂಲಕ ಎಲ್ಲರೂ ಸೇರಿ ಮಾಡಿಸಿಕೊಳ್ಳುವುದು ಸುಲಭ. ಆದರೆ ಕಾಯಿ ನಿಜವಾಗಿಯೂ ಡಬ್ಬಿ ಅಥವಾ ಕಡ್ಡಿ ಬ್ಯಾಡಗಿಯೇ ಆಗಿರಬೇಕು. ಹೈಬ್ರಿಡ್ ಕಾಯಿ ಬೆರೆಸಿ ಈ ಹೆಸರು ಹಾಕಿದರೆ ನಮ್ಮ ಹಿರಿಯರು ಬೀಜ ಕಾಯ್ದು ಉಳಿಸಿಕೊಟ್ಟ ಹೆಸರಿಗೇ ಕಲ್ಲು ಹಾಕಿದಂತೆ.

ಏಳನೆಯ ಹೆಜ್ಜೆ: ಮಾರಾಟ

ನಮ್ಮ ಕಡೆ ಬೇಸಿಗೆಯಲ್ಲಿ ವರ್ಷದ ಖಾರ ಮಾಡಿಟ್ಟುಕೊಳ್ಳುವ ರೂಢಿ ಇನ್ನೂ ಇದೆ. ಮಾರ್ಚ್‌ನಿಂದ ಮೇವರೆಗೆ ಪುಡಿಗಿಂತ ಹೆಚ್ಚು ಬೇಡಿಕೆ ಇರುವುದು ತೊಟ್ಟು ಬಿಡಿಸಿ ಚೆನ್ನಾಗಿ ಒಣಗಿಸಿದ ಇಡೀ ಕಾಯಿಗೆ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ತೊಟ್ಟು ಬಿಡಿಸುವ ವೇಳೆ ಇಲ್ಲ, ಆದರೆ ಖಾರ ಮಾತ್ರ ತವರುಮನೆಯ ರುಚಿಯದೇ ಬೇಕು. ಅವರ ಮುಂಗಡ ಬೇಡಿಕೆಯನ್ನು ಫೆಬ್ರುವರಿಯಲ್ಲೇ ಬರೆದುಕೊಳ್ಳಿ. ಉಳಿದ ತಿಂಗಳುಗಳಲ್ಲಿ ಪುಡಿ ಸಾಗುವುದು ಖಾನಾವಳಿಗಳಿಗೆ, ವಸತಿನಿಲಯಗಳ ಅಡುಗೆಮನೆಗೆ. ಖಾನಾವಳಿಯವರು ಚೌಕಾಸಿ ಮಾಡುತ್ತಾರೆ, ಉದ್ರಿ ಕೇಳುತ್ತಾರೆ. ಹದಿನೈದು ದಿನಕ್ಕಿಂತ ಹೆಚ್ಚು ಉದ್ರಿ ಕೊಡಬೇಡಿ, ಕಂತು ಕಟ್ಟುವ ದಿನ ನೆನಪಿರಲಿ.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲಿ ಕೃಷಿ ಇಲಾಖೆ ಸಾವಯವ ಮತ್ತು ಸಿರಿಧಾನ್ಯ ಮೇಳ ನಡೆಸುತ್ತದೆ. ಮೇಳದಲ್ಲಿ ಮೂರು ದಿನ ಮಾರಾಟವಾದ ಹಣಕ್ಕಿಂತ, ಬರೆದುಕೊಂಡು ಬಂದ ಇನ್ನೂರು ದೂರವಾಣಿ ಸಂಖ್ಯೆಗಳು ನಮಗೆ ಹೆಚ್ಚು ಅನ್ನ ಕೊಟ್ಟಿವೆ. ಬ್ರ್ಯಾಂಡ್ ಮತ್ತು ಪ್ರಚಾರಕ್ಕೆ ಪಿಎಂಎಫ್‌ಎಂಇಯಲ್ಲಿ ಶೇ. 50 ನೆರವಿದೆ, ಆದರೆ ಅದು ರೈತ ಉತ್ಪಾದಕ ಸಂಸ್ಥೆ, ಸಹಕಾರ ಸಂಘ, ಸ್ವಸಹಾಯ ಗುಂಪುಗಳಿಗೆ ಮಾತ್ರ.

ತಿಂಗಳ ಲೆಕ್ಕ

ಬ್ಯಾಡಗಿ ಪೇಟೆಗೆ ಹೊಸ ಕಾಯಿ ಜೋರಾಗಿ ಬರುವುದು ಜನವರಿಯ ನಂತರ, ವ್ಯಾಪಾರ ಸೋಮವಾರ ಮತ್ತು ಗುರುವಾರ. ಅಷ್ಟರಲ್ಲಿ ಯಂತ್ರ ಓಡುತ್ತಿರಬೇಕಾದರೆ ಹಿಂದಿನಿಂದ ಎಣಿಸಿ. ಜೂನ್, ಜುಲೈನಲ್ಲಿ ಬಿತ್ತನೆ ಮುಗಿದ ಮೇಲೆ ಕಾಗದಪತ್ರ. ಆಗಸ್ಟಿನಲ್ಲಿ ಸಂಪನ್ಮೂಲ ವ್ಯಕ್ತಿಯ ಭೇಟಿ. ಕೃಷಿ ಮೇಳದಲ್ಲಿ ನಾಲ್ಕಾರು ಕಂಪನಿಗಳ ಯಂತ್ರ ಕಣ್ಣಾರೆ ನೋಡಿ ದರಪಟ್ಟಿ ಪಡೆಯುವುದು. ದಸರೆಯೊಳಗೆ ಅರ್ಜಿ. ದೀಪಾವಳಿಯ ನಂತರ ವಾರಕ್ಕೊಮ್ಮೆ ಬ್ಯಾಂಕಿಗೆ ಹೋಗಿ ವಿಚಾರಣೆ. ತಿಂಗಳು ಕಳೆದರೂ ಉತ್ತರ ಬರದಿದ್ದರೆ ಜಿಲ್ಲಾ ಅಗ್ರಣೀಯ ಬ್ಯಾಂಕಿನ ವ್ಯವಸ್ಥಾಪಕರಿಗೆ ಬರಹದಲ್ಲಿ ದೂರು ಕೊಟ್ಟು, ಒಂದು ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಡಿಸೆಂಬರಿನಲ್ಲಿ ಮಂಜೂರಾತಿ ಬಂದರೆ ಸಂಕ್ರಾಂತಿಯ ಹೊತ್ತಿಗೆ ಯಂತ್ರ ಕೂರಿಸಬಹುದು. ತಡವಾದರೆ ಆ ವರ್ಷ ಕೂಲಿ ಗಿರಣಿಯಲ್ಲೇ ಕುಟ್ಟಿಸಿ, ಕೈಗಡ ಮಾಡಿ ಯಂತ್ರ ತರಬೇಡಿ.